ನೆಗಡಿ ಗುಳಿಗೆ ಅರೆದು ತಲೆಗೆ ಹಚ್ಚಬಹುದಾ?

ಔಷಧದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುವವರು ರಾಯಚೂರು ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಆಗಿದ್ದು ನಿವೃತ್ತರಾದ ನಮ್ಮ ಅಂಕಣದ ಅಕ್ಕ. ಪತ್ರ ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಅಕ್ಕಾ, ನನಗೆ 26 ವರ್ಷ. ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದಕ್ಕೆ ಸರಿಯುತ್ತಿದೆ, ನೆತ್ತಿಯಲ್ಲಿ ತೆಳುವಾಗಿದೆ. ನಮ್ಮಪ್ಪನಿಗೂ ಸೋದರಮಾವನಿಗೂ ಹೀಗೇ ಆಗಿತ್ತು. ನೆಗಡಿ, ಅಲರ್ಜಿಗೆ ನುಂಗುವ ಸೆಟ್ರಿಜಿನ್ ಗುಳಿಗೆಯನ್ನು ತಲೆಗೆ ಹಚ್ಚಿದರೆ ಕೂದಲು ಬರುತ್ತದೆ ಅಂತ ಮೊಬೈಲಿನಲ್ಲಿ ಓದಿದೆ. 10 ಎಂಜಿಯ 20 ಗುಳಿಗೆ ಅರೆದು, 50 ಎಂಎಲ್ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಸಿ, ಮೂರು ವಾರದಿಂದ ರಾತ್ರಿ ಹಚ್ಚುತ್ತಿದ್ದೇನೆ. ಉರಿ ಇದೆ, ಕಡಿತ ಇದೆ. ಬೆಳಿಗ್ಗೆ ದಿಂಬಿನ ಮೇಲೆ ಬಿಳಿ ಪುಡಿ ಬಿದ್ದಿರುತ್ತದೆ. ಆದರೂ ಉದುರುವುದು ಸ್ವಲ್ಪ ಕಡಿಮೆ ಆಗಿದೆ ಅನಿಸುತ್ತದೆ. ನನ್ನ ಅಳತೆ ತಪ್ಪಿದೆಯಾ? ಗುಳಿಗೆ ಬದಲು ಮಕ್ಕಳ ಸಿರಪ್ ಹಾಕಲಾ? ಅವಿಲ್ ಆದರೂ ನಡೆಯುತ್ತದಾ? ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ, ಬೆಂಗಳೂರಿನ ದೊಡ್ಡ ಕ್ಲಿನಿಕ್ಕಿಗೆ ಹೋಗುವಷ್ಟು ದುಡ್ಡಿಲ್ಲ. ನಿಜ ಹೇಳಿ ಅಕ್ಕಾ.

ಉತ್ತರ: ತಮ್ಮಾ, ಇವತ್ತು ರಾತ್ರಿ ಅದನ್ನು ಹಚ್ಚಬೇಡಿ. ಬಾಟಲಿ ಚೆಲ್ಲಬೇಡಿ, ಮುಚ್ಚಿಡಿ. ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ. ಒಲೆ, ಸೊಳ್ಳೆ ಬತ್ತಿ ಇರುವ ಕಡೆ ಮಾತ್ರ ಇಡಬೇಡಿ. ಸ್ಪಿರಿಟ್‌ಗೆ ಬೆಂಕಿ ಬೇಗ ಹತ್ತುತ್ತದೆ.

ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. "ಇದೆಲ್ಲ ಬರೀ ಗಾಳಿಸುದ್ದಿ" ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದರೆ ನೀವು ಮತ್ತೆ ಮೊಬೈಲಿಗೇ ಹೋಗುತ್ತೀರಿ.

2012ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು, ಗಂಡಸರ ತಲೆಯ ಬೋಳಾದ ಜಾಗದ ಚರ್ಮವನ್ನೂ ಕೂದಲಿರುವ ಜಾಗದ ಚರ್ಮವನ್ನೂ ಪಕ್ಕಪಕ್ಕದಲ್ಲಿಟ್ಟು ಪರೀಕ್ಷೆ ಮಾಡಿದರು. ಬೋಳಾದ ಕಡೆ ಪ್ರೊಸ್ಟಗ್ಲಾಂಡಿನ್ ಡಿ2 ಎಂಬ ವಸ್ತು ಜಾಸ್ತಿ ಇತ್ತು. ಇದು ಕೂದಲ ಬೆಳವಣಿಗೆಯನ್ನು ತಡೆಯುತ್ತದೆ ಅಂತಲೂ ಅವರು ತೋರಿಸಿದರು. ಅಲರ್ಜಿ ಆದಾಗ ನಮ್ಮ ಮೈಯಲ್ಲಿ ಹೊರಬರುವ ವಸ್ತುಗಳಲ್ಲೂ ಇದು ಒಂದು. ಸೆಟ್ರಿಜಿನ್ ಅಲರ್ಜಿ ಗುಳಿಗೆ, ಅದು ಈ ಡಿ2 ಅನ್ನೂ ಸ್ವಲ್ಪ ತಗ್ಗಿಸುತ್ತದೆ. ಹಾಗಾದರೆ ತಲೆಗೇ ಹಚ್ಚಿ ನೋಡೋಣ ಅಂತ ಕೆಲವು ಡಾಕ್ಟರುಗಳಿಗೆ ಹೊಳೆಯಿತು. 2018ರಲ್ಲಿ ಇಟಲಿಯ ಒಂದು ಪ್ರಯೋಗದ ವರದಿ ಬಂತು. ಅದರಲ್ಲಿ 85 ಜನ ಇದ್ದರು. 67 ಜನರಿಗೆ ಶೇ 1ರ ಸೆಟ್ರಿಜಿನ್ ಲೋಷನ್, 18 ಜನರಿಗೆ ಔಷಧವಿಲ್ಲದ ಲೋಷನ್. ಆರು ತಿಂಗಳಾದ ಮೇಲೆ ಸೆಟ್ರಿಜಿನ್ ಹಚ್ಚಿದವರ ಕೂದಲು ಸ್ವಲ್ಪ ದಟ್ಟವಾಗಿತ್ತು. ನೀವು ಓದಿದ ಸುದ್ದಿಯ ಬೇರು ಇದೇ ಇರಬೇಕು.

ಆಮೇಲಿನ ಕಥೆಯನ್ನು ಯಾರೂ ಅಷ್ಟಾಗಿ ಹಂಚುವುದಿಲ್ಲ. 2021ರಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಿ ಶೇ 1ರ ಸೆಟ್ರಿಜಿನ್ನನ್ನು ಕೂದಲಿಗೆಂದೇ ತಲೆಗೆ ಹಚ್ಚುವ ಶೇ 5ರ ಮಿನಾಕ್ಸಿಡಿಲ್ ಔಷಧದ ಜೊತೆ ಹೋಲಿಸಿದರು. ಮಿನಾಕ್ಸಿಡಿಲ್ಲೇ ಮೇಲುಗೈ ಆಯಿತು. ಡಿ2 ಕೂತುಕೊಳ್ಳುವ ಜಾಗವನ್ನೇ ನೇರವಾಗಿ ಮುಚ್ಚುವ ಸೆಟಿಪಿಪ್ರಾಂಟ್ ಎಂಬ ಗುಳಿಗೆಯನ್ನೂ ಗಂಡಸರ ಮೇಲೆ ಪ್ರಯೋಗಿಸಿ ನೋಡಿದರು. ಔಷಧವಿಲ್ಲದ ಗುಳಿಗೆಗಿಂತ ಅದರಿಂದ ಏನೂ ಹೆಚ್ಚಿನ ಕೂದಲು ಬರಲಿಲ್ಲ. ಅಂದರೆ ಡಿ2 ಲೆಕ್ಕ ಕಾಗದದ ಮೇಲೆ ಸರಿ ಕಂಡರೂ ತಲೆಯ ಮೇಲೆ ಇನ್ನೂ ಪೂರ್ತಿ ಕೂಡಿಬಂದಿಲ್ಲ.

ಈಗ ನಿಮ್ಮ ಬಾಟಲಿಗೆ ಬರೋಣ. ನನಗೆ ಜಾಸ್ತಿ ಚಿಂತೆ ಇರುವುದು ಇದರದ್ದೇ.

ಅಳತೆ ಕೇಳಿದ್ದೀರಿ. ಶೇ 1 ಅಂದರೆ 100 ಎಂಎಲ್‌ಗೆ ಒಂದು ಗ್ರಾಂ ಔಷಧ. 20 ಗುಳಿಗೆಯಲ್ಲಿ 200 ಎಂಜಿ ಇರುತ್ತದೆ. ಅದನ್ನು 50 ಎಂಎಲ್‌ನಲ್ಲಿ ಹಾಕಿದರೆ ಶೇ 0.4 ಆಯಿತು, ಅದೂ ಪೂರ್ತಿ ಕರಗಿದ್ದರೆ. ಹಾಗಂತ ಗುಳಿಗೆ ಹೆಚ್ಚಿಸಬೇಡಿ. ನಾನು ಹೇಳಬೇಕಾದ್ದು ಅಂಕಿಯ ಮಾತಲ್ಲ.

ಗುಳಿಗೆ ಅಂದರೆ ಬರೀ ಔಷಧ ಅಲ್ಲ ತಮ್ಮಾ. ಹತ್ತು ಎಂಜಿ ಅಂದರೆ ಒಂದು ಚಿಟಿಕೆಯೂ ಆಗುವುದಿಲ್ಲ, ಅಷ್ಟನ್ನೇ ಅಚ್ಚಿಗೆ ಹಾಕಿದರೆ ಕೈಗೆ ಸಿಗುವ ಗುಳಿಗೆ ಆಗುವುದಿಲ್ಲ. ಗಾತ್ರ ಬರಲೆಂದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಹಾಕುತ್ತಾರೆ. ಪಿಷ್ಟ ಹಾಕುತ್ತಾರೆ. ಅಚ್ಚಿಗೆ ಅಂಟಬಾರದೆಂದು ಮೆಗ್ನೀಸಿಯಂ ಸ್ಟಿಯರೇಟ್ ಇರುತ್ತದೆ. ಮೇಲೆ ಬಿಳಿ ಬಣ್ಣದ ಟೈಟಾನಿಯಂ ಡೈಆಕ್ಸೈಡ್ ಲೇಪ. ಸೆಟ್ರಿಜಿನ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಆದರೆ ಲ್ಯಾಕ್ಟೋಸ್ ಸ್ಪಿರಿಟ್‌ನಲ್ಲಿ ಕರಗುವುದಿಲ್ಲ, ಪಿಷ್ಟವೂ ಕರಗುವುದಿಲ್ಲ. ನಿಮ್ಮ ಬಾಟಲಿಯನ್ನು ಅಲುಗಾಡಿಸದೆ ಒಂದು ರಾತ್ರಿ ಕಿಟಕಿಯಲ್ಲಿಟ್ಟು ಬೆಳಿಗ್ಗೆ ನೋಡಿ. ತಳದಲ್ಲಿ ಬಿಳಿ ಗಸಿ ಕೂತಿರುತ್ತದೆ. ದಿಂಬಿನ ಮೇಲೆ ಬೀಳುವ ಪುಡಿಯಲ್ಲಿ ಹೆಚ್ಚಿನದು ಇದೇ ಇರಬೇಕು, ಉಳಿದದ್ದು ಒಣಗಿ ಸುಲಿಯುತ್ತಿರುವ ನಿಮ್ಮ ನೆತ್ತಿಯ ಚರ್ಮ.

ಉರಿಯ ಮಾತು. ಗುಳಿಗೆಯಲ್ಲಿರುವುದು ಸೆಟ್ರಿಜಿನ್ ಡೈಹೈಡ್ರೋಕ್ಲೋರೈಡ್. ನೀರಿಗೆ ಬಿದ್ದರೆ ಅದು ತುಂಬಾ ಹುಳಿ, ಅಂದರೆ ಆಸಿಡ್ ಗುಣ ತೋರಿಸುತ್ತದೆ. ನಮ್ಮ ಚರ್ಮ ತುಸು ಹುಳಿಯನ್ನು ತಡೆಯುತ್ತದೆ, ಅಷ್ಟನ್ನು ತಡೆಯುವುದಿಲ್ಲ. ಕಾರ್ಖಾನೆಯಲ್ಲಿ ಲೋಷನ್ ಮಾಡುವವರು ಈ ಹುಳಿಯನ್ನು ಚರ್ಮಕ್ಕೆ ಒಗ್ಗುವ ಮಟ್ಟಕ್ಕೆ ತಂದು, ಅಲ್ಲೇ ನಿಲ್ಲುವಂತೆ ಬೇರೆ ಲವಣ ಸೇರಿಸುತ್ತಾರೆ. ಕೀಟಾಣು ಬೆಳೆಯದಂತೆ ಸಂರಕ್ಷಕ ಹಾಕುತ್ತಾರೆ. ಔಷಧ ಚರ್ಮದೊಳಗೆ ಇಳಿಯಲು ಯಾವ ದ್ರವ ಎಷ್ಟು ಬೇಕು ಅಂತ ನೋಡುತ್ತಾರೆ. ನಿಮ್ಮ ಬಾಟಲಿಯಲ್ಲಿ ಇದ್ಯಾವುದೂ ಇಲ್ಲ. ಇರುವುದು ಹುಳಿ, ಅದರ ಮೇಲೆ ಸ್ಪಿರಿಟ್. ಸರ್ಜಿಕಲ್ ಸ್ಪಿರಿಟ್ ಇರುವುದು ಸೂಜಿ ಚುಚ್ಚುವ ಮುಂಚೆ ಒಂದು ಸಲ ಒರೆಸಲು. ಯಾರೂ ಕುಡಿಯಬಾರದೆಂದು ಅದರಲ್ಲಿ ಬೇರೆ ಪದಾರ್ಥ ಬೆರೆಸಿರುತ್ತಾರೆ. ದಿನಾ ರಾತ್ರಿ ನೆತ್ತಿಗೆ ಹಚ್ಚಿಕೊಂಡು ಮಲಗುವುದಕ್ಕೆ ಮಾಡಿದ್ದಲ್ಲ ಅದು. ನಮ್ಮೂರಿನ ಬೇಸಿಗೆ ನಿಮಗೇ ಗೊತ್ತು. 40 ಡಿಗ್ರಿ ದಾಟಿದ ಮೇಲೆ ತಗಡಿನ ಮನೆಯಲ್ಲಿ ಇಟ್ಟ ಬಾಟಲಿಯಿಂದ ಸ್ಪಿರಿಟ್ ಹಾರಿಹೋಗುತ್ತಾ ಇರುತ್ತದೆ, ಉಳಿದದ್ದು ದಿನದಿನಕ್ಕೆ ಗಟ್ಟಿಯಾಗುತ್ತದೆ. ಮೊದಲ ದಿನದ ಅಳತೆಯೇ ಇಪ್ಪತ್ತನೇ ದಿನಕ್ಕೆ ಇರುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಆಸ್ಪತ್ರೆಯಲ್ಲೇ ಕೆಮ್ಮಿನ ಮಿಕ್ಸ್ಚರ್, ಕಜ್ಜಿಗೆ ಹಚ್ಚುವ ಲೋಷನ್ ತಯಾರಿಸುತ್ತಿದ್ದೆವು. ಪಿಂಗಾಣಿ ಒರಳಲ್ಲಿ ಪುಡಿಯನ್ನು ನುಣ್ಣಗೆ ಅರೆದು, ಕಾಯಿಸಿ ಆರಿಸಿದ ನೀರನ್ನು ಹನಿಹನಿಯಾಗಿ ಬಿಟ್ಟು, ಗಂಟಿಲ್ಲದಂತೆ ತಿರುವಬೇಕು. ಒಂದೇ ಸಲ ಸುರಿದರೆ ಪುಡಿ ಮೇಲೆ ತೇಲಿ ಗಂಟು ಕಟ್ಟುತ್ತದೆ. ಬಾಟಲಿ ಮೇಲೆ ತಯಾರಿಸಿದ ದಿನ ಬರೆಯದೆ ಕಿಟಕಿಯಿಂದ ಹೊರಗೆ ಕೊಡುವ ಹಾಗಿರಲಿಲ್ಲ. ನನಗೆ ಆ ಕೆಲಸ ಬಹಳ ಇಷ್ಟವಿತ್ತು. ಕೈಯಿಂದ ಔಷಧ ತಯಾರಿಸುವುದರ ಮೇಲೆ ನನಗೆ ಗೌರವ ಇದೆ. ಅದಕ್ಕೇ ಹೇಳುತ್ತೇನೆ, ನುಂಗಲು ಮಾಡಿದ ಗುಳಿಗೆಯನ್ನು ಅರೆದರೆ ಹಚ್ಚುವ ಔಷಧ ಆಗುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅಲರ್ಜಿ ಔಷಧವನ್ನು ಚರ್ಮಕ್ಕೆ ಹಚ್ಚುತ್ತಾ ಹೋದರೆ ಕೆಲವರಿಗೆ ಆ ಔಷಧದ್ದೇ ಅಲರ್ಜಿ ಹುಟ್ಟುತ್ತದೆ. ಕೇಳಲು ವಿಚಿತ್ರ, ಆದರೆ ಚರ್ಮದ ಡಾಕ್ಟರುಗಳಿಗೆ ಹಳೆಯ ಸಂಗತಿ. ಡೈಫೆನ್‌ಹೈಡ್ರಮಿನ್ ಎಂಬ ಹಳೆಯ ಅಲರ್ಜಿ ಔಷಧ ಇರುವ ತುರಿಕೆ ಲೋಷನ್‌ಗಳಿಂದ ಹೀಗಾಗುವುದು ಬಹಳ ಹಿಂದಿನಿಂದ ಗೊತ್ತು. ಒಮ್ಮೆ ಹೀಗೆ ಅಂಟಿಕೊಂಡರೆ, ಮುಂದೆ ನೆಗಡಿಗೆ ಅದೇ ಗುಳಿಗೆ ನುಂಗಿದರೂ ಮೈಮೇಲೆ ದದ್ದು ಏಳಬಹುದು. ಸೆಟ್ರಿಜಿನ್‌ನ ಹತ್ತಿರದ ನಂಟಿನ ಲಿವೊಸೆಟ್ರಿಜಿನ್, ಹೈಡ್ರಾಕ್ಸಿಜಿನ್ ಕೂಡ ಆಗದೆ ಹೋಗಬಹುದು. ಮೈಯೆಲ್ಲ ಪಿತ್ತದ ಗಂಧೆ ಎದ್ದಾಗ ಡಾಕ್ಟರು ಮೊದಲು ಬರೆಯುವುದೇ ಈ ಗುಳಿಗೆಗಳನ್ನು. ಬರಬಹುದೋ ಇಲ್ಲವೋ ಅನ್ನುವ ನಾಲ್ಕು ಕೂದಲಿಗಾಗಿ ಅಂಥ ಔಷಧವನ್ನು ಕಳೆದುಕೊಳ್ಳಬೇಡಿ. ನಿಮ್ಮ ಉರಿ ಬರೀ ಸ್ಪಿರಿಟ್‌ನದ್ದಾ, ಈ ಅಲರ್ಜಿಯದ್ದಾ ಅಂತ ಪತ್ರ ನೋಡಿ ಹೇಳಲು ಆಗುವುದಿಲ್ಲ. ಕಿವಿಯ ಹಿಂದೆ, ಹಣೆ ಮೇಲೆ ಕೆಂಪಗೆ ದದ್ದು ಇಳಿದಿದ್ದರೆ, ರೆಪ್ಪೆ ಊದಿದ್ದರೆ, ನೀರು ಒಸರುತ್ತಿದ್ದರೆ ಕಾಯಬೇಡಿ, ಕೂಡಲೇ ಡಾಕ್ಟರಿಗೆ ತೋರಿಸಿ.

ಸಿರಪ್ ಬೇಡ. ಮಕ್ಕಳ ಸಿರಪ್‌ನಲ್ಲಿ 5 ಎಂಎಲ್‌ಗೆ 5 ಎಂಜಿ ಇರುತ್ತದೆ, ಅಂದರೆ ಶೇ 0.1 ಮಾತ್ರ. ಉಳಿದದ್ದು ಸಿಹಿ, ಅಂಟು, ಬಣ್ಣ. ಅವಿಲ್ ಅಂತೂ ಬೇಡವೇ ಬೇಡ. ಅದು ಫೆನಿರಮಿನ್, ಬೇರೆಯೇ ಔಷಧ. ಒಂದು ಅಲರ್ಜಿ ಗುಳಿಗೆಗೆ ಇದೆ ಅಂದ ಗುಣ ಇನ್ನೊಂದಕ್ಕೂ ಇರಬೇಕೆಂದಿಲ್ಲ.

ಉದುರುವುದು ಕಡಿಮೆ ಆಗಿದೆ ಅಂದಿರಲ್ಲ, ಅದನ್ನೂ ನೋಡೋಣ. ಇವತ್ತು ಬಾಚಣಿಕೆಗೆ ಬಂದ ಕೂದಲು ಬೆಳೆಯುವುದನ್ನು ನಿಲ್ಲಿಸಿದ್ದು ಎರಡು ಮೂರು ತಿಂಗಳ ಹಿಂದೆ. ಆಮೇಲೆ ಅದು ಬೇರಿನಲ್ಲಿ ಸುಮ್ನೆ ನಿಂತಿರುತ್ತದೆ, ಕೊನೆಗೆ ಉದುರುತ್ತದೆ. ಹಾಗಾಗಿ ಮೂರು ವಾರದ ಔಷಧದ ಫಲ ಬಾಚಣಿಕೆಯಲ್ಲಿ ಕಾಣುವುದಿಲ್ಲ. ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಕೂದಲು ಹೋಗುತ್ತವೆ, ಒಂದು ವಾರ ಜಾಸ್ತಿ, ಒಂದು ವಾರ ಕಡಿಮೆ. ಕಡಿಮೆಯಾದ ವಾರದಲ್ಲಿ ಕೈಯಲ್ಲಿ ಯಾವ ಬಾಟಲಿ ಇತ್ತೋ ಅದಕ್ಕೆ ಹೆಸರು ಬರುತ್ತದೆ. ಊರೂರು ತಿರುಗಿ ಮಾರುವ ಕೂದಲೆಣ್ಣೆಗಳೆಲ್ಲ ನಡೆಯುತ್ತಿರುವುದು ಇದರ ಮೇಲೇ.

ಮುಂದೇನು ಮಾಡಬೇಕು? ತಣ್ಣೀರಿನಲ್ಲಿ ತಲೆ ತೊಳೆಯಿರಿ. ಸೌಮ್ಯ ಶಾಂಪೂ ಸಾಕು. ಸ್ಪಿರಿಟ್, ನಿಂಬೆಹುಳಿ, ಈರುಳ್ಳಿ ರಸ ಯಾವುದೂ ಬೇಡ. ಆಮೇಲೆ ರಾಯಚೂರಿನ ರಿಮ್ಸ್‌ನ ಚರ್ಮರೋಗ ವಿಭಾಗಕ್ಕೆ ಹೋಗಿ. ಅದು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಬೆಂಗಳೂರಿನ ಖರ್ಚು ಇಲ್ಲ. ಸಿಂಧನೂರಿನಿಂದ ಬೆಳಗಿನ ಬಸ್ಸಿಗೆ ಹೊರಟರೆ ಹೊರರೋಗಿ ಚೀಟಿಯ ಸಾಲಿಗೆ ಹೊತ್ತಿಗೆ ಮುಟ್ಟುತ್ತೀರಿ. ಬಾಟಲಿ, ಗುಳಿಗೆಯ ಖಾಲಿ ಪಟ್ಟಿ, ಸ್ಪಿರಿಟ್ ಬಾಟಲಿ ಮೂರನ್ನೂ ಒಯ್ಯಿರಿ. ಏನು ಹಚ್ಚಿದಿರಿ ಅಂತ ನಾಚಿಕೆ ಇಲ್ಲದೆ ಹೇಳಿ. ಮುಚ್ಚಿಟ್ಟರೆ ಅವರು ನಿಮ್ಮ ಕೆಂಪು ನೆತ್ತಿಯನ್ನು ಬೇರೆ ಯಾವುದೋ ರೋಗ ಅಂದುಕೊಂಡು ಔಷಧ ಕೊಟ್ಟಾರು.

ನೀವು ಹೇಳಿದ ಲಕ್ಷಣ ವಂಶದಿಂದ ಬರುವ ಗಂಡಸರ ಬೋಳಿನಂತೇ ಕಾಣುತ್ತದೆ. ಟೆಸ್ಟೋಸ್ಟೆರಾನ್‌ನಿಂದ ಆಗುವ ಡಿಎಚ್‌ಟಿ ಎಂಬ ಹಾರ್ಮೋನು ಆ ಜಾಗದ ಕೂದಲ ಬೇರನ್ನು ಸಣ್ಣದು ಮಾಡುತ್ತಾ ಹೋಗುತ್ತದೆ. ಇದಕ್ಕೆ ಪರೀಕ್ಷೆ ದಾಟಿ ನಿಂತ ಔಷಧ ಮುಖ್ಯವಾಗಿ ಎರಡಿವೆ. ಒಂದು ಮಿನಾಕ್ಸಿಡಿಲ್. ಮೊದಲು ಅದು ಬಿಪಿ ಗುಳಿಗೆ. ನುಂಗಿದವರಿಗೆ ಮೈಮೇಲೆ ಕೂದಲು ಬೆಳೆದದ್ದು ಕಂಡು ತಲೆಗೆ ಹಚ್ಚುವ ಔಷಧ ಮಾಡಿದರು, 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನೊಂದು ಫಿನಾಸ್ಟರೈಡ್ ಗುಳಿಗೆ, ಬೋಳಿಗೆ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಅದು ಡಿಎಚ್‌ಟಿಯನ್ನೇ ತಗ್ಗಿಸುತ್ತದೆ. ಕೆಲವರಿಗೆ ಲೈಂಗಿಕ ಆಸಕ್ತಿ ಕುಂದುತ್ತದೆ. ಮದುವೆ ಮಾತು ನಡೆಯುತ್ತಿರುವಾಗ ಈ ವಿಷಯ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿಯೇ ಶುರು ಮಾಡಿ. ಅದರ ಒಡೆದ ಗುಳಿಗೆಯನ್ನು ಬಸುರಿಯರು ಮುಟ್ಟಲೂಬಾರದು, ಹೊಟ್ಟೆಯಲ್ಲಿರುವ ಗಂಡುಮಗುವಿಗೆ ತೊಂದರೆ ಆಗಬಹುದು.

ಮಿನಾಕ್ಸಿಡಿಲ್ ಮೆಡಿಕಲ್‌ನಲ್ಲಿ ಸಿಗುತ್ತದೆ ಅಂತ ನಾಳೆಯೇ ತಂದು ಹಚ್ಚಬೇಡಿ. ಕೆಂಪಾದ, ಬಿರಿದ ನೆತ್ತಿಯಿಂದ ಅದು ಜಾಸ್ತಿ ಒಳಗೆ ಇಳಿಯುತ್ತದೆ, ಎದೆ ಬಡಿತ ಏರಬಹುದು, ತಲೆ ಸುತ್ತಬಹುದು. ಮೊದಲು ಉರಿ ಆರಲಿ. ಶುರು ಮಾಡಿದ ಮೇಲೆ ಮೊದಮೊದಲು ಕೂದಲು ಇನ್ನೂ ಜಾಸ್ತಿ ಉದುರಬಹುದು, ಹೆದರಿ ಬಿಡಬೇಡಿ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು. ಬಿಟ್ಟರೆ ಬಂದದ್ದು ಹೋಗುತ್ತದೆ. ಇದನ್ನು ನಿಮಗೆ ಔಷಧ ಕೊಡುವವರು ಮೊದಲೇ ಹೇಳಬೇಕು. ಡಾಕ್ಟರೇ ಸೆಟ್ರಿಜಿನ್ ಲೋಷನ್ ಹಚ್ಚಿ ನೋಡೋಣ ಅಂದರೆ ಬೇಡ ಅನ್ನುವುದಿಲ್ಲ ನಾನು. ಆದರೆ ತಲೆಗೆಂದೇ ತಯಾರಾದ, ಬ್ಯಾಚ್ ನಂಬರ್ ಇರುವ, ಕೊನೆಯ ದಿನಾಂಕ ಇರುವ ಬಾಟಲಿ ಅದಾಗಿರಲಿ.

ಹೆಣ್ಣಿನ ಮನೆಯವರು ಬರುವ ದಿನಕ್ಕೆ ಯಾವ ಔಷಧವೂ ಕೂದಲು ತರುವುದಿಲ್ಲ. ಕೂದಲು ಸಣ್ಣಗೆ ಕತ್ತರಿಸಿ, ನೇರ ಕೂತು ಮಾತಾಡಿ. ನೆತ್ತಿ ಹುಣ್ಣು ಮಾಡಿಕೊಂಡು ಕೂರುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಪ್ರಶ್ನೆ: ಅಕ್ಕಾರೆ, ಊರು ಗಂಗಾವತಿ. ಹೆರಿಗೆಯಾಗಿ ನಾಲ್ಕು ತಿಂಗಳು. ತಲೆ ಬಾಚಿದರೆ ಮುಷ್ಟಿಗಟ್ಟಲೆ ಕೂದಲು ಬರುತ್ತದೆ. ನನ್ನ ತಮ್ಮ ಅಲರ್ಜಿ ಗುಳಿಗೆಯಿಂದ ಏನೋ ನೀರು ಮಾಡಿಕೊಂಡಿದ್ದಾನೆ, ನೀನೂ ಹಚ್ಚು ಅನ್ನುತ್ತಾನೆ. ಮಗುವಿಗೆ ಎದೆಹಾಲು ಕೊಡುತ್ತೇನೆ. ಹಚ್ಚಲಾ?

ಉತ್ತರ: ಹಚ್ಚಬೇಡ ತಂಗಿ. ಮಗು ನಿನ್ನ ಹೆಗಲ ಮೇಲೆ ಮಲಗುತ್ತದೆ, ನಿನ್ನ ಕೂದಲು ಹಿಡಿದು ಅದೇ ಕೈ ಬಾಯಿಗೆ ಇಡುತ್ತದೆ. ನಿನಗೆ ಆ ನೀರಿನ ಅಗತ್ಯವೂ ಇಲ್ಲ.

ಬಸುರಿಯಲ್ಲಿ ಉದುರಬೇಕಾದ ಕೂದಲು ಹಾರ್ಮೋನಿನಿಂದಾಗಿ ಉದುರದೆ ಉಳಿದಿರುತ್ತದೆ. ಹೆರಿಗೆ ಆದ ಮೇಲೆ ಅದೆಲ್ಲ ಒಟ್ಟಿಗೆ ಬೇರಿನಿಂದ ಸಡಿಲವಾಗುತ್ತದೆ. ಮೂರು ನಾಲ್ಕನೇ ತಿಂಗಳಿಗೆ ಎಲ್ಲವೂ ಬಾಚಣಿಕೆಗೆ ಬರುತ್ತದೆ. ಡೆಂಗಿ, ಟೈಫಾಯಿಡ್ ಬಂದು ಹೋದ ಎರಡು ಮೂರು ತಿಂಗಳಿಗೂ ಹೀಗೇ ಆಗುತ್ತದೆ. ಬೇರು ಸತ್ತಿಲ್ಲ. ಹೆಚ್ಚಿನವರಿಗೆ ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಕೂದಲು ತಾನಾಗಿ ತುಂಬಿಕೊಳ್ಳುತ್ತದೆ. ಬೈತಲೆಯ ಪಕ್ಕದಲ್ಲಿ, ಹಣೆ ಅಂಚಿನಲ್ಲಿ ಚಿಕ್ಕಚಿಕ್ಕ ಹೊಸ ಕೂದಲು ನೆಟ್ಟಗೆ ನಿಂತಿದೆಯಾ ಕನ್ನಡಿಯಲ್ಲಿ ನೋಡು.

ಒಂದು ಮಾತ್ರ ಕೇಳುತ್ತೇನೆ. ಹೆರಿಗೆ ಆದಮೇಲೆ ಕೊಟ್ಟ ಕೆಂಪು ಕಬ್ಬಿಣದ ಗುಳಿಗೆ ನುಂಗುತ್ತಿದ್ದೀಯಾ? ಬಾಣಂತಿಗೆ 180 ದಿನ, ದಿನಕ್ಕೆ ಒಂದು ಅಂತ ಸರ್ಕಾರದ ಲೆಕ್ಕ. ಮಲ ಕಪ್ಪಾಯಿತು, ಹೊಟ್ಟೆ ಕಟ್ಟಿತು ಅಂತ ಎಷ್ಟೋ ಜನ ಗೂಡಿನಲ್ಲಿಟ್ಟು ಬಿಡುತ್ತಾರೆ. ಮಲ ಕಪ್ಪಾಗುವುದು ಸಹಜ. ಊಟ ಆದ ಮೇಲೆ ನುಂಗು. ಅದರ ಜೊತೆ ಚಹಾ ಬೇಡ, ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸುಸ್ತು, ಏದುಸಿರು, ತೂಕ ಏರುಪೇರು ಇದ್ದರೆ ಹಿಮೋಗ್ಲೋಬಿನ್, ಥೈರಾಯಿಡ್ ಎರಡನ್ನೂ ಪರೀಕ್ಷೆ ಮಾಡಿಸು. ಹಳೆಯ ಪದ್ಧತಿ ಅಂತ ಬಾಣಂತಿಗೆ ಬೇಳೆ, ಸೊಪ್ಪು, ಮೊಟ್ಟೆ ನಿಲ್ಲಿಸಿದ್ದರೆ ಅತ್ತೆಯವರಿಗೆ ಈ ಪತ್ರಿಕೆ ಓದಿ ಹೇಳು. ತಮ್ಮನಿಗೂ ಮೇಲಿನ ಉತ್ತರ ಓದಿಸು.

ಪ್ರಶ್ನೆ: ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಕೆಲಸ. ಬೋರ್‌ವೆಲ್ ನೀರಿಗೆ ಕೂದಲು ಉದುರುತ್ತಿದೆ, ನೆತ್ತಿ ಬೋಳಾಗುತ್ತಿದೆ. ಮಿನರಲ್ ನೀರಲ್ಲಿ ಸ್ನಾನ ಮಾಡಬೇಕಾ ಅಕ್ಕಾ?

ಉತ್ತರ: ಬೇಡ. ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಸೋಪಿನ ಜೊತೆ ಸೇರಿ ಜಿಡ್ಡಿನಂತೆ ಕೂರುತ್ತದೆ, ಸಿಕ್ಕಾದ ಕೂದಲು ಬಾಚುವಾಗ ನಡುವೆ ತುಂಡಾಗುತ್ತದೆ. ನೆತ್ತಿ ಬೋಳು ಮಾಡುವ ಕೆಲಸ ಅದರದ್ದಲ್ಲ. ಬಿದ್ದ ಕೂದಲನ್ನು ಬಿಳಿ ಕಾಗದದ ಮೇಲಿಟ್ಟು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಬೇರಿನಿಂದ ಉದುರಿದ್ದು, ಆಗ ಕಾರಣ ನೀರಲ್ಲ. ಎರಡೂ ತುದಿ ಬರೀ ತುಂಡಾಗಿದ್ದರೆ ನೀರು, ಸೋಪು, ಬಾಚಣಿಕೆಯ ತಪ್ಪು. ಸ್ನಾನದ ಸೋಪು ಬಿಟ್ಟು ಶಾಂಪೂ ಬಳಸಿ, ಒದ್ದೆ ಕೂದಲು ಎಳೆದು ಬಾಚಬೇಡಿ. ಒಂದೇ ಕಡೆ ನಾಣ್ಯದಷ್ಟು ದುಂಡಗೆ, ನುಣ್ಣಗೆ ಬೋಳಾಗಿದ್ದರೆ ಅದು ಬೇರೆಯದೇ ತೊಂದರೆ. ಅದಕ್ಕೆ ಬೆಳ್ಳುಳ್ಳಿ ಉಜ್ಜಿ ಸುಟ್ಟುಕೊಳ್ಳದೆ ಚರ್ಮದ ಡಾಕ್ಟರಿಗೆ ತೋರಿಸಿ.